ನಗಿಸಲು ಹೊರಟವರಿಗೆ ಒಂದಿಷ್ಟು ಗಂಭೀರ ಉತ್ತರಗಳು

ಈ ಸಲದ ಪ್ರಶ್ನೆಗಳು ಬಹುಪಾಲು ಹಾಸ್ಯ ಬರಹ, ಲಲಿತ ಪ್ರಬಂಧಗಳ ಸುತ್ತಲೇ ಇವೆ. ಒಳ್ಳೆಯದೇ ಆಯಿತು. ಪತ್ರಿಕಾ ಕಚೇರಿಗಳಿಗೆ ಕವನಗಳು ರಾಶಿ ರಾಶಿ ಬರುತ್ತವೆ. ಓದಿಸಿಕೊಂಡು ಹೋಗುವ ನಗೆಬರಹ ಬರುವುದು ಅಪರೂಪ. ಹೊಸಬರಿಗೆ ಒಳಗೆ ಹೋಗಲು ಇರುವ ಸಲೀಸಾದ ಬಾಗಿಲು ಇದೇ. ಆದರೆ ಬಾಗಿಲು ಗಿಡ್ಡ, ಬಗ್ಗದಿದ್ದರೆ ಹಣೆಗೆ ತಾಗುತ್ತದೆ.

ಪ್ರಶ್ನೆ: ಸಿಟಿ ಬಸ್ಸಿನ ಪ್ರಯಾಣದ ಬಗ್ಗೆ ಹಾಸ್ಯ ಲೇಖನ ಬರೆದು ಮೂರು ಪತ್ರಿಕೆಗಳಿಗೆ ಒಟ್ಟಿಗೇ ಕಳುಹಿಸಿದ್ದೆ. ಎಲ್ಲಿಯೂ ಬರಲಿಲ್ಲ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಮೊದಲ ಪ್ಯಾರಾ ಲಗತ್ತಿಸಿದ್ದೇನೆ. ತಪ್ಪು ಎಲ್ಲಿದೆ? (ಗೃಹಿಣಿ, ಸುರತ್ಕಲ್)

ಮನೆಯವರಿಗೆ ನೀವೂ ಗೊತ್ತು, ಆ ಬಸ್ಸೂ ಗೊತ್ತು. ಸಂಪಾದಕರಿಗೆ ಎರಡೂ ಗೊತ್ತಿಲ್ಲ. ನಿಮ್ಮ ಪ್ಯಾರಾ ಹೀಗಿದೆ:

“ಜೀವನದಲ್ಲಿ ಹಾಸ್ಯ ಎಂಬುದು ಊಟದಲ್ಲಿ ಉಪ್ಪಿನ ಹಾಗೆ. ಸಿಟಿ ಬಸ್ಸಿನ ಪ್ರಯಾಣವೆಂದರೆ ಒಂದು ಹಾಸ್ಯ ಪ್ರಸಂಗವೇ ಸರಿ!!! ಮೊನ್ನೆ ನಡೆದ ತಮಾಷೆಯ ಘಟನೆ ಕೇಳಿದರೆ ನೀವು ಖಂಡಿತ ನಗುತ್ತೀರಿ. ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಆದರೂ ಕಂಡಕ್ಟರ್ ಬಸ್ಸು ಖಾಲಿ ಇದೆ ಎಂದು ಕೂಗಿ ಜನರನ್ನು ಹತ್ತಿಸಿಕೊಳ್ಳುತ್ತಿದ್ದ.”

ಮೊದಲ ಮೂರು ವಾಕ್ಯಗಳನ್ನು ಪೂರ್ತಿ ಹೊಡೆದುಹಾಕಿ. ‘ಖಂಡಿತ ನಗುತ್ತೀರಿ’ ಎಂದು ಮೊದಲೇ ಮಾತು ಕೊಟ್ಟರೆ ಓದುವವರು ಕೈಕಟ್ಟಿ ಕೂತು ‘ಎಲ್ಲಿ, ನಗಿಸಿ ನೋಡುವ’ ಅನ್ನುತ್ತಾರೆ. ಸರಕು ಇರುವುದು ಕೊನೆಯ ಎರಡು ವಾಕ್ಯಗಳಲ್ಲಿ. ಅಲ್ಲಿಯೂ ತಮಾಷೆಯ ಮಾತು ‘ಖಾಲಿ’. ಅದು ವಾಕ್ಯದ ನಡುವೆ ಸಿಕ್ಕಿಹಾಕಿಕೊಂಡಿದೆ. ಅದರ ನಂತರ ‘ಎಂದು ಕೂಗಿ ಜನರನ್ನು ಹತ್ತಿಸಿಕೊಳ್ಳುತ್ತಿದ್ದ’ ಎಂಬ ಉದ್ದದ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹಾಸ್ಯ ಬರೆಯುವವರು ಮತ್ತೆ ಮತ್ತೆ ಎಡವುವ ಜಾಗ ಇದು. ನಗು ಬರುವಲ್ಲಿ ಪೂರ್ಣವಿರಾಮ ಬೀಳಬೇಕು. ಅದಕ್ಕೆ ಸುಲಭದ ಉಪಾಯ, ಮಾತನ್ನು ಆಡಿದವರ ಬಾಯಲ್ಲೇ ಬಿಟ್ಟುಬಿಡುವುದು. ತಿದ್ದಿದರೆ ಹೀಗಾಗಬಹುದು:

“ಸುರತ್ಕಲ್‌ನಿಂದ ಪಣಂಬೂರಿನ ತನಕ ನಾನು ಒಂದೇ ಕಾಲಿನಲ್ಲಿ ನಿಂತಿದ್ದೆ. ಇನ್ನೊಂದು ಕಾಲೂ ಬಸ್ಸಿನಲ್ಲೇ ಇತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ. ಕೂಳೂರಿನಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ: ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್! ಬನ್ನಿ ಅಕ್ಕಾ, ಎದುರು ಇಡೀ ಖಾಲಿ ಉಂಟು!’ ಎದುರಿನಲ್ಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಲು ಪ್ರಯತ್ನಿಸಿದೆವು. ಕುತ್ತಿಗೆ ತಿರುಗಲಿಲ್ಲ.”

ಇಲ್ಲಿ ‘ತಮಾಷೆ’, ‘ಹಾಸ್ಯ’ ಎಂಬ ಪದಗಳೇ ಇಲ್ಲ. ನಿರೂಪಕಿ ನಗುತ್ತಿಲ್ಲ, ಕಷ್ಟದಲ್ಲಿದ್ದಾಳೆ. ಆಶ್ಚರ್ಯಸೂಚಕ ಚಿಹ್ನೆಯನ್ನು ಕಂಡಕ್ಟರಿಗೆ ಮಾತ್ರ ಕೊಟ್ಟಿದೆ. ಅವನು ನಿಜಕ್ಕೂ ಕೂಗುತ್ತಿದ್ದಾನೆ.

ಇನ್ನು ಉದ್ದ. ನಿಮ್ಮ ಲೇಖನ 1,900 ಪದ ಇದೆ. ದಿನಪತ್ರಿಕೆಯ ಪುರವಣಿಯಲ್ಲಿ ನಗೆಬರಹಕ್ಕೆ ಸಾಮಾನ್ಯವಾಗಿ ಸಿಗುವುದು 500ರಿಂದ 700 ಪದಗಳ ಜಾಗ. ವಾರಪತ್ರಿಕೆ, ಮಾಸಿಕಗಳಲ್ಲಿ 800ರಿಂದ 1,200. ಐದು ಘಟನೆಗಳನ್ನು ತುರುಕಿದ್ದೀರಿ. ಒಂದೇ ಪ್ರಯಾಣ, ಒಬ್ಬನೇ ಕಂಡಕ್ಟರ್, ಮೂರು ನಿಲ್ದಾಣ ಸಾಕು. ಪ್ರತಿ ನಿಲ್ದಾಣದಲ್ಲೂ ಪರಿಸ್ಥಿತಿ ಇನ್ನಷ್ಟು ಹದಗೆಡಬೇಕು. ಹದಗೆಡದ ಘಟನೆ ಎಷ್ಟೇ ಚೆನ್ನಾಗಿದ್ದರೂ ತೆಗೆದಿಟ್ಟು ಬೇರೆ ಲೇಖನಕ್ಕೆ ಬಳಸಿ.

ಕೊನೆಯ ಪ್ಯಾರಾದಲ್ಲಿ ಸಾರ್ವಜನಿಕ ಸಾರಿಗೆಯ ಸುಧಾರಣೆಯ ಬಗ್ಗೆ ಬರೆದಿದ್ದೀರಿ. ಅದು ಸಂಪಾದಕರಿಗೆ ಪತ್ರ ವಿಭಾಗಕ್ಕೆ ಸಲ್ಲುತ್ತದೆ. ಒಂದೇ ಲೇಖನವನ್ನು ಏಕಕಾಲಕ್ಕೆ ಮೂರು ಕಡೆ ಕಳುಹಿಸುವ ಅಭ್ಯಾಸವನ್ನೂ ಬಿಡಿ. ಎರಡು ಪತ್ರಿಕೆಗಳಲ್ಲಿ ಒಂದೇ ಭಾನುವಾರ ಬಂದುಬಿಟ್ಟರೆ ಎರಡೂ ಕಡೆಯ ಬಾಗಿಲು ಮುಚ್ಚುತ್ತದೆ. ಒಂದು ಕಡೆ ಕಳುಹಿಸಿ, ಮೂರು ತಿಂಗಳು ಕಾಯಿರಿ. ಆಮೇಲೆ ‘ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ’ ಎಂದು ಒಂದು ಸಾಲು ಬರೆದು ಬೇರೆ ಕಡೆಗೆ ಕಳುಹಿಸಿ.

ಪ್ರಶ್ನೆ: ಕುಂದಾಪ್ರ ಕನ್ನಡದಲ್ಲಿ ಬರೆದರೆ ಘಟ್ಟದ ಮೇಲಿನವರಿಗೆ ಅರ್ಥವಾಗುತ್ತದೆಯೇ? ಆವರಣದಲ್ಲಿ ಅರ್ಥ ಕೊಡಬೇಕೇ? (ಕುಂದಾಪುರ)

ಆವರಣ ಬೇಡ. ನಗೆಬರಹದಲ್ಲಿ ಆವರಣ ಬಂದರೆ ಓದುವವರ ಮುಖ ಪಾಠ ಕೇಳುವ ಮುಖವಾಗುತ್ತದೆ. ‘ಗಂಟಿ’ ಎಂದರೆ ದನಕರು ಎಂದು ವಿವರಿಸುವ ಬದಲು ‘ಗಂಟಿ ಹಟ್ಟಿಗೆ ಬರುವ ಹೊತ್ತಾಯಿತು’ ಎಂದು ಬರೆಯಿರಿ, ಬಳ್ಳಾರಿಯವರಿಗೂ ತಿಳಿಯುತ್ತದೆ. ನಿರೂಪಣೆ ಸಾಮಾನ್ಯ ಕನ್ನಡದಲ್ಲಿರಲಿ, ಮಾತುಕತೆ ಊರಿನ ಕನ್ನಡದಲ್ಲಿರಲಿ. ‘ಹ್ವಾಯ್, ಎಲ್ಲಿಗ್ ಹೊರ್ಟ್ರಿ?’ ಎಂಬುದಕ್ಕೆ ಯಾರಿಗೂ ಅನುವಾದ ಬೇಡ. ಕಾಗುಣಿತವನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಿ. ಒಂದು ಕಡೆ ‘ಹೊರ್ಟ್ರಿ’, ಇನ್ನೊಂದು ಕಡೆ ‘ಹೊರ್‌ಟ್ರಿ’ ಎಂದಿದ್ದರೆ ಕರಡು ತಿದ್ದುವವರು ಎರಡನ್ನೂ ‘ಹೊರಟಿರಿ’ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ‘ಆಡುಮಾತನ್ನು ಇದ್ದಂತೆಯೇ ಇರಿಸಿ’ ಎಂದು ಲೇಖನದ ತಲೆಯಲ್ಲೇ ಒಂದು ಸೂಚನೆ ಕೊಡಿ.

ಪೂರ್ತಿ ಕುಂದಾಪ್ರ ಕನ್ನಡದ್ದೇ ಬರಹವಾದರೆ ಆಷಾಢ ಅಮಾವಾಸ್ಯೆಯಂದು ಆಚರಿಸುವ ವಿಶ್ವ ಕುಂದಾಪ್ರ ಕನ್ನಡ ದಿನದ ಆಸುಪಾಸಿಗೆ ಬೇಡಿಕೆ ಹೆಚ್ಚು. ಆ ದಿನ ಬೆಳಿಗ್ಗೆ ಕಳುಹಿಸಿದರೆ ಮುಂದಿನ ವರ್ಷಕ್ಕೆ ಕಾಯಬೇಕಾದೀತು.

ಪ್ರಶ್ನೆ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳುಹಿಸಿದ್ದೆ. ‘ಅಕ್ಷರಗಳು ಓದಲಾಗುತ್ತಿಲ್ಲ’ ಎಂಬ ಉತ್ತರ ಬಂತು. (ಕಾರ್ಕಳ)

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕೊಂಬು, ಚುಕ್ಕೆ ಮೂಡಿದ ರೋಮನ್ ಅಕ್ಷರಗಳ ಹಾಗೆ ಕಾಣುತ್ತದೆ. ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿ ವರ್ಡ್ ಕಡತವಾಗಿಯೇ ಕಳುಹಿಸಿ. ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಅಲ್ಲೇ. ಸೊನ್ನೆಯ ಬಗ್ಗೆಯೂ ಎಚ್ಚರ: ‘ಬಂದ’ ಎಂದು ಬರೆಯಲು ಹಲವರು ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತುತ್ತಾರೆ. ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪುಟ ವಿನ್ಯಾಸದ ಫಾಂಟಿಗೆ ಹೋದಾಗ ಇಡೀ ಲೇಖನದಲ್ಲಿ ಸೊನ್ನೆಗಳು ಎದ್ದು ನಿಲ್ಲುತ್ತವೆ. ಮೊಬೈಲಿನಲ್ಲಿ ಬಾಯಿಮಾತಿನಿಂದ ಟೈಪ್ ಮಾಡುವವರು ಲ–ಳ, ನ–ಣ ಎರಡೆರಡು ಸಲ ಪರಿಶೀಲಿಸಿ. ಪಿಡಿಎಫ್ ಬೇಡ, ಕೈಬರಹದ ಫೋಟೊ ಅಂತೂ ಬೇಡವೇ ಬೇಡ.

ಲೇಖನದ ಕೆಳಗೆ ಹೆಸರು, ವಿಳಾಸ, ಫೋನ್ ಸಂಖ್ಯೆ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಸಂಕೇತ ಇರಲಿ. ಗೌರವಧನ ಕಳುಹಿಸಲು ಮನಸ್ಸಿದ್ದವರಿಗೂ ವಿಳಾಸ ಬೇಕಲ್ಲ.

ಪ್ರಶ್ನೆ: ಕಾಲೇಜು ವಿದ್ಯಾರ್ಥಿ ನಾನು. ಎಲ್ಲೆಲ್ಲಿ ಅವಕಾಶಗಳಿವೆ? (ಉಡುಪಿ)

ಮಂಗಳೂರಿನಲ್ಲಿ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಅಂಥ ಜಿಲ್ಲೆಗಳಲ್ಲಿದ್ದು ‘ಅವಕಾಶವಿಲ್ಲ’ ಎನ್ನುವ ಹಾಗಿಲ್ಲ. ನಿಮ್ಮ ಪಕ್ಕದ ಮಣಿಪಾಲದಿಂದಲೇ ‘ಉದಯವಾಣಿ’, ‘ತರಂಗ’, ‘ತುಷಾರ’ ಬರುತ್ತವೆ. ಬೆಂಗಳೂರಿನಿಂದ ‘ಸುಧಾ’, ‘ಮಯೂರ’. ಕಳುಹಿಸುವ ಮುನ್ನ ಆಯಾ ಪತ್ರಿಕೆಯ ಇತ್ತೀಚಿನ ನಾಲ್ಕು ಸಂಚಿಕೆ ಓದಿ, ನಗೆಬರಹ ಯಾವ ಪುಟದಲ್ಲಿದೆ, ಎಷ್ಟು ಉದ್ದವಿದೆ ಎಂದು ನೋಡಿಕೊಳ್ಳಿ. ಆ ಪುಟವೇ ಇಲ್ಲದ ಪತ್ರಿಕೆಗೆ ಕಳುಹಿಸಿ ತಿರಸ್ಕಾರದ ನೋವು ಅನುಭವಿಸುವುದು ಅನಗತ್ಯ.

ಕ್ಯಾಲೆಂಡರ್ ಮುಖ್ಯ. ಮಳೆಯ ಬಗ್ಗೆ ಬರೆದದ್ದನ್ನು ಏಪ್ರಿಲಿನಲ್ಲಿ, ಬಿಸಿಲು ನೆತ್ತಿ ಸುಡುವಾಗ ಕಳುಹಿಸಬೇಕು. ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವದ ಲೇಖನ ಮಾಸಿಕಕ್ಕೆ ಎರಡೂವರೆ ತಿಂಗಳು ಮುಂಚೆ, ವಾರಪತ್ರಿಕೆಗೆ ಆರು ವಾರ ಮುಂಚೆ. ಉಡುಪಿ ಕೃಷ್ಣಮಠದ ಪೂಜಾಧಿಕಾರ ಕೈಬದಲಾಗುವ ಪರ್ಯಾಯದ ಗಡಿಬಿಡಿಯ ಬಗ್ಗೆ ಬರೆಯುವವರಿಗೆ ಜನವರಿ 18ರ ಅವಕಾಶ ಎರಡು ವರ್ಷಕ್ಕೊಮ್ಮೆ ಮಾತ್ರ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಲಘು ಧಾಟಿಯ ಕತೆಯನ್ನೂ ಕಳುಹಿಸಬಹುದು. ಸ್ಪರ್ಧೆಯ ಪ್ರಕಟಣೆ ಬಂದ ಮೇಲೆ ಬರೆಯಲು ಕೂತರೆ ಹೊತ್ತು ಸಾಲದು.

ಮಂಗಳೂರು ಆಕಾಶವಾಣಿಯನ್ನು ಹೊಸಬರು ಮರೆತುಬಿಡುತ್ತಾರೆ. ಹತ್ತು ನಿಮಿಷದ ಹಾಸ್ಯ ಭಾಷಣಕ್ಕೆ ಸುಮಾರು 900 ಪದ ಬೇಕು. ಫೋನಿನ ಗಡಿಯಾರವಿಟ್ಟು ಗಟ್ಟಿಯಾಗಿ ಓದಿ. ಒಂಬತ್ತೂವರೆ ನಿಮಿಷಕ್ಕೆ ಮುಗಿಯಬೇಕು, ಉಸಿರಿಗೂ ಸಮಯ ಬೇಕಲ್ಲ. ಕೇಳುವವರು ಹಿಂದಿನ ಸಾಲಿಗೆ ಮರಳುವ ಹಾಗಿಲ್ಲ, ಹಾಗಾಗಿ ಪಾತ್ರದ ಹೆಸರು ಮೂರ್ನಾಲ್ಕು ವಾಕ್ಯಕ್ಕೊಮ್ಮೆ ಬರಲಿ. ಸೋಪು, ಟೂತ್‌ಪೇಸ್ಟುಗಳ ಕಂಪನಿ ಹೆಸರು ಬೇಡ. ಸುರತ್ಕಲ್‌ನವರ ಬಸ್ಸಿನ ಲೇಖನ ಪತ್ರಿಕೆಗಿಂತ ರೇಡಿಯೊಗೇ ಚೆನ್ನಾಗಿ ಒಗ್ಗೀತು, ಕಂಡಕ್ಟರನ ಕೂಗು ಇರುವುದರಿಂದ.

ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆಯಿದೆ. ಅರ್ಜಿ ಕರೆದಾಗ ಹಸ್ತಪ್ರತಿ ಸಿದ್ಧವಿರಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, ಮೊತ್ತ 50,000 ರೂಪಾಯಿ. ನಿಮಗಿನ್ನೂ ವಯಸ್ಸಿದೆ, ಅವಸರ ಬೇಡ.

ಪ್ರಶ್ನೆ: ‘ನಿಮ್ಮ ಬರಹ ರಾಜ್ಯಮಟ್ಟದ ಸಂಕಲನಕ್ಕೆ ಆಯ್ಕೆಯಾಗಿದೆ, 1,500 ರೂಪಾಯಿ ಕಟ್ಟಿದರೆ ಐದು ಪ್ರತಿ ಮತ್ತು ಬಿರುದು’ ಎಂಬ ಸಂದೇಶ ಬಂದಿದೆ. ಕಟ್ಟಲೇ? (ಬಂಟ್ವಾಳ)

ಬಿರುದು ಯಾವುದು ಎಂದು ತಿಳಿಸಿಲ್ಲ. ‘ರತ್ನ’ ಇದ್ದೇ ಇರುತ್ತದೆ. ಇದರ ಲೆಕ್ಕ ಸರಳ. ಅರುವತ್ತು ಜನ ತಲಾ 1,500 ಕಟ್ಟಿದರೆ 90,000 ರೂಪಾಯಿ ಆಯಿತು. 300 ಪ್ರತಿ ಮುದ್ರಿಸಿದರೆ ಎಲ್ಲವೂ ಬರೆದವರ ಮನೆಗೇ ಹೋಗುತ್ತವೆ. ಓದುಗ ಎಂಬ ಪ್ರಾಣಿ ಈ ವ್ಯವಹಾರದಲ್ಲಿ ಎಲ್ಲಿಯೂ ಬರುವುದಿಲ್ಲ. ಇನ್ನೊಂದು ತೊಂದರೆಯೂ ಇದೆ: ಅಪ್ರಕಟಿತ ಬರಹವನ್ನೇ ಕೇಳುವ ಸ್ಪರ್ಧೆಗಳಿಗೆ ಆ ಲೇಖನವನ್ನು ಮತ್ತೆ ಕಳುಹಿಸಲು ಬರುವುದಿಲ್ಲ. ಕಟ್ಟಬೇಡಿ.

ಪ್ರಶ್ನೆ: ನೆರೆಮನೆಯವರ ಬಗ್ಗೆ ಹೆಸರು ಬದಲಿಸಿ ಬರೆದೆ. ಅವರಿಗೆ ಗೊತ್ತಾಗಿ ಈಗ ಮಾತು ಬಿಟ್ಟಿದ್ದಾರೆ. (ಮೂಡುಬಿದಿರೆ)

ಹೆಸರು ಬದಲಿಸಿ, ಹಲಸಿನ ಮರ, ಹಳದಿ ಗೇಟು, ಕುಂಟು ನಾಯಿ ಹಾಗೆಯೇ ಇಟ್ಟರೆ ಏನು ಬಂತು? ವೃತ್ತಿ, ಊರು, ಕುಟುಂಬದ ರಚನೆ ಮೂರನ್ನೂ ಬದಲಿಸಿ, ಇಬ್ಬರು ಮೂವರ ಗುಣಗಳನ್ನು ಒಬ್ಬರಲ್ಲಿ ಸೇರಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನಹಾನಿಗೆ ಸಂಬಂಧಿಸಿದ್ದು. ‘ಬರೆದದ್ದು ನಿಜ’ ಎಂಬುದೊಂದೇ ಅಲ್ಲಿ ರಕ್ಷಣೆಯಲ್ಲ, ಸಾರ್ವಜನಿಕ ಹಿತಕ್ಕಾಗಿ ಎಂಬುದನ್ನೂ ತೋರಿಸಬೇಕು. ನೆರೆಯವರ ಜಿಪುಣತನದಲ್ಲಿ ಸಾರ್ವಜನಿಕ ಹಿತ ತೋರಿಸುವುದು ಕಷ್ಟ. ಸದ್ಯಕ್ಕೆ ಒಂದು ಡಬ್ಬ ಪತ್ರೊಡೆ ತೆಗೆದುಕೊಂಡು ಹೋಗಿ ಮಾತಾಡಿಸಿ.

ಪ್ರಶ್ನೆ: ಪತ್ರಿಕೆಗಳಲ್ಲಿ ಬಂದ 30 ಹಾಸ್ಯ ಲೇಖನಗಳನ್ನು ಪುಸ್ತಕ ಮಾಡಬೇಕೆಂದಿದ್ದೇನೆ. ಪತ್ರಿಕೆಗಳ ಅನುಮತಿ ಬೇಕೇ? ನಾನೇ ಪ್ರಕಟಿಸಬಹುದೇ? (ನಿವೃತ್ತ ಶಿಕ್ಷಕರು, ಪುತ್ತೂರು)

ನೀವು ಪತ್ರಿಕೆಯ ನೌಕರರಲ್ಲದಿದ್ದರೆ, ಹಕ್ಕನ್ನು ಬರಹದ ಮೂಲಕ ವರ್ಗಾಯಿಸಿರದಿದ್ದರೆ, ಕೃತಿಸ್ವಾಮ್ಯ ನಿಮ್ಮದೇ. ಯಾವ ಪತ್ರಿಕೆಯಲ್ಲಿ ಯಾವಾಗ ಬಂತು ಎಂದು ಋಣಪುಟದಲ್ಲಿ ನಮೂದಿಸುವುದು ಸೌಜನ್ಯ. ಆದರೆ ಲೇಖನದ ಜೊತೆ ಬಂದ ವ್ಯಂಗ್ಯಚಿತ್ರ ನಿಮ್ಮದಲ್ಲ. ಅದನ್ನು ಸ್ಕ್ಯಾನ್ ಮಾಡಿ ಹಾಕುವ ಮುನ್ನ ಪತ್ರಿಕೆ ಮತ್ತು ಕಲಾವಿದರು ಇಬ್ಬರನ್ನೂ ಕೇಳಿ.

ಪ್ರಕಾಶಕರಿಗೆ ಕೊಡುವುದಾದರೆ ಒಪ್ಪಂದ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅವಧಿ ಬರೆಯದಿದ್ದರೆ ಹಕ್ಕು ವರ್ಗಾವಣೆ ಐದು ವರ್ಷಕ್ಕೆ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ ಎಂದೂ ಲೆಕ್ಕ. ‘ಶಾಶ್ವತವಾಗಿ ಸಕಲ ಹಕ್ಕುಗಳು’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ.

ನೀವೇ ಪ್ರಕಟಿಸುವುದಾದರೆ ಮೊದಲು ಪುಟಗಳ ಲೆಕ್ಕ. ಡೆಮಿ 1/8 ಆಕಾರದಲ್ಲಿ ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ. 800 ಪದದ ಲೇಖನಕ್ಕೆ ನಾಲ್ಕು ಪುಟ, ಮೂವತ್ತಕ್ಕೆ 120. ಶೀರ್ಷಿಕೆ, ಪರಿವಿಡಿ, ಮುನ್ನುಡಿಗೆ ಎಂಟು. ಒಟ್ಟು 128. ಒಂದು ಫಾರಂ ಎಂದರೆ 16 ಪುಟ, ಸರಿಯಾಗಿ ಎಂಟು ಫಾರಂ. 131 ಆಯಿತೋ, ಒಂಬತ್ತನೆಯ ಫಾರಂ ತೆರೆಯಬೇಕು, ಖರ್ಚು ಏರುತ್ತದೆ. ಮೂರು ಪುಟ ಕಡಿಮೆ ಮಾಡಲು ಅತ್ಯುತ್ತಮ ಜಾಗ ಮುನ್ನುಡಿ. ನಾಲ್ವರು ಹಿರಿಯರಿಂದ ಮುನ್ನುಡಿ, ಬೆನ್ನುಡಿ, ನಲ್ನುಡಿ, ಆಶಯ ನುಡಿ ಬರೆಸುವ ಚಟ ನಮ್ಮಲ್ಲಿ ವಿಪರೀತ. 300 ಪ್ರತಿಯ ತನಕ ಡಿಜಿಟಲ್ ಮುದ್ರಣ ಅಗ್ಗ. 500 ದಾಟಿದರೆ ಆಫ್‌ಸೆಟ್ ದರ ಕೇಳಿ ನೋಡಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಭಾರತದಲ್ಲಿ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆಗೆ ಆನ್‌ಲೈನ್ ಅರ್ಜಿ ಹಾಕಿ. ಅದಕ್ಕಾಗಿ ದುಡ್ಡು ಕೇಳುವ ಮಧ್ಯವರ್ತಿ ಬೇಡ. ಸ್ವಂತ ಪ್ರಕಟಣೆಯಾದರೆ ನೀವೇ ಪ್ರಕಾಶಕರು, ಹಾಗಾಗಿ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳುಹಿಸುವುದು ನಿಮ್ಮ ಹೊಣೆ.

ಬಿಡುಗಡೆಯನ್ನು ನವೆಂಬರಿನಿಂದ ಮೇ ನಡುವೆ ಇಟ್ಟುಕೊಳ್ಳಿ. ಜೂನ್, ಜುಲೈಯ ಗಾಳಿಯಲ್ಲಿ ಹೊಸ ಪುಸ್ತಕದ ರಕ್ಷಾಪುಟ ಹೊರಕ್ಕೆ ಸುರುಳಿಯಾಗುತ್ತದೆ: ಹೊರಮೈಗೆ ಲ್ಯಾಮಿನೇಶನ್ ಇರುವುದರಿಂದ ಒಳಮೈ ಮಾತ್ರ ತೇವ ಹೀರಿ ಹಿಗ್ಗುತ್ತದೆ. ಉಳಿದ ಪ್ರತಿಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ, ಮರದ ಹಲಗೆಯ ಮೇಲೆ ಅಡ್ಡಡ್ಡ ಪೇರಿಸಿ, ಮೇಲಿನಿಂದ ಭಾರ ಹೇರಿ ಇಡಿ. ಹತ್ತು ಹತ್ತರ ಕಟ್ಟು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದಾದರೆ ಒಣ ಬಿಸಿಲಿನ ದಿನ ನೋಡಿ ಸುತ್ತಿ. ಮಳೆಯ ದಿನ ಸುತ್ತಿದರೆ ತೇವವೂ ಒಳಗೇ ಉಳಿದು ಬೂಸ್ಟು ಬರುತ್ತದೆ.