ಪೊಲೀಸ್ ಆಗಿದ್ದ ತಾತನ ಬಂದೂಕನ್ನು ಮನೆಯಲ್ಲಿ ಉಳಿಸಿಕೊಳ್ಳಬಹುದೇ?

ಚಿತ್ರದುರ್ಗದಲ್ಲಿ ದಫೇದಾರರಾಗಿದ್ದು ಈಚೆಗೆ ತೀರಿಕೊಂಡ ನಿಮ್ಮ ತಾತನವರ ಜೋಡುನಳಿಗೆ ಬಂದೂಕನ್ನು ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಇಲಾಖೆ ಕೊಟ್ಟ ಆಯುಧವಾಗಿದ್ದರೆ ಅದು ಸರ್ಕಾರದ್ದು, ಮನೆಯವರಿಗೆ ಅದರ ಮೇಲೆ ಹಕ್ಕಿಲ್ಲ. ಅವರು ಸ್ವಂತ ಲೈಸೆನ್ಸಿನಲ್ಲಿ ಕೊಂಡದ್ದಾದರೆ (ಜೋಡುನಳಿಗೆಯಾದ್ದರಿಂದ ಹೀಗಿರುವ ಸಂಭವವೇ ಹೆಚ್ಚು), ಲೈಸೆನ್ಸ್ ಪುಸ್ತಕದಲ್ಲಿರುವ ಸಂಖ್ಯೆಯೂ ಬಂದೂಕಿನ ಮೇಲೆ ಕೊರೆದಿರುವ ಸಂಖ್ಯೆಯೂ ತಾಳೆಯಾಗುತ್ತವೆಯೇ ಎಂದು ಮೊದಲು ನೋಡಿ. ಗೋಡೆಗೆ ತೂಗುಹಾಕುವುದಕ್ಕೂ ಲೈಸೆನ್ಸ್ ಬೇಕಾದ್ದರಿಂದ, ಬಂದೂಕನ್ನೂ ಉಳಿದಿರುವ ತೋಟಾಗಳನ್ನೂ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಬಳಿಕ 2016ರ ಆಯುಧ ನಿಯಮಗಳಂತೆ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರ ಹಾಗೂ ಮರಣ ಪ್ರಮಾಣಪತ್ರದೊಡನೆ, ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ, ಹಿರಿಯರಿಂದ ಬಂದದ್ದೂ ಸೇರಿ, ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕುಗಳಿರುವಂತಿಲ್ಲ.