ಸತ್ತ ರಾಜಕುಮಾರ ಒಬ್ಬನಲ್ಲ, ಇಬ್ಬರು

ನಿಮ್ಮ ಪತ್ರ ಸ್ವಲ್ಪ ಖಾರವಾಗಿಯೇ ಇದೆ, ಇರಲಿ. ಟಿಪ್ಪುವಿನ ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ವರ್ಸೈ ಅರಮನೆಗೆ ಹೋದ ಲೇಖನದಲ್ಲಿ, ಫ್ರಾನ್ಸ್‌ನ ರಾಜ ಹದಿನಾರನೇ ಲೂಯಿಯ ಮಗ ಮರುವರ್ಷ ಜೂನ್‌ನಲ್ಲಿ ತೀರಿಕೊಂಡ ಎಂದು ಬರೆದಿದ್ದೆವು. ನೀವು ಹೇಳುತ್ತೀರಿ: ‘ಸುಳ್ಳು, ಆ ಹುಡುಗ ಸತ್ತದ್ದು 1795ರಲ್ಲಿ, ಪ್ಯಾರಿಸ್‌ನ ಸೆರೆಮನೆಯಲ್ಲಿ. ಡಿಎನ್‌ಎ ಪರೀಕ್ಷೆಯೇ ಸಾಬೀತು ಮಾಡಿದೆ.’

ನೀವು ಹೇಳುವ ಹುಡುಗ ತಮ್ಮ, ಲೂಯಿ ಶಾರ್ಲ್. ನಾವು ಬರೆದದ್ದು ಅಣ್ಣನ ಬಗ್ಗೆ. ಅವನ ಹೆಸರು ಲೂಯಿ ಜೋಸೆಫ್. ತಮ್ಮನ ಕಥೆಯಲ್ಲಿ ಸೆರೆಮನೆ ಇದೆ, ‘ನಾನೇ ಆ ರಾಜಕುಮಾರ’ ಎಂದು ಆಮೇಲೆ ಎದ್ದುಬಂದ ಠಕ್ಕರ ಸಾಲೇ ಇದೆ. ಅಣ್ಣನ ಕಥೆಯಲ್ಲಿ ಇರುವುದು ಕಾಯಿಲೆ ಮಾತ್ರ, ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇವರ ತಾಯಿ, ರಾಣಿ ಮೇರಿ ಆಂಟೊನೆಟ್ ಮದುವೆಯಾದದ್ದು 1770ರಲ್ಲಿ. ಗಂಡುಮಗು ಹುಟ್ಟಿದ್ದು 1781ರ ಅಕ್ಟೋಬರ್ 22ಕ್ಕೆ. ನಡುವೆ 1778ರಲ್ಲಿ ಒಂದು ಹೆಣ್ಣುಮಗು. ಸಿಂಹಾಸನಕ್ಕೆ ವಾರಸುದಾರನಿಲ್ಲ ಎಂದು ಹನ್ನೊಂದು ವರ್ಷ ಊರಿಗೆ ಊರೇ ಆಡಿಕೊಂಡ ಮೇಲೆ ಹುಟ್ಟಿದ ಮಗ, ಸಂಭ್ರಮಕ್ಕೆ ಕೇಳಬೇಕೆ! ಆದರೆ ಮೂರನೇ ವಯಸ್ಸಿನ ಹೊತ್ತಿಗೇ ಜ್ವರ ಶುರುವಾಯಿತು. ಬೆನ್ನುಮೂಳೆಗೆ ಕ್ಷಯ. ಬೆನ್ನು ಗೂನಾಗುತ್ತಾ ಬಂತು, ನೆಟ್ಟಗೆ ಮಾಡಲು ಕಬ್ಬಿಣದ ಪಟ್ಟಿಯ ಕವಚ ತೊಡಿಸಿದರು, ಅದರಿಂದ ಹುಡುಗನಿಗೆ ನೋವು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕ್ಷಯಕ್ಕೆ ಆಗ ಯಾರ ಬಳಿಯೂ ಮದ್ದಿರಲಿಲ್ಲ, ರಾಜನಾದರೇನು.

ನೀವು ಕೇಳಿದ, ರಾಣಿ ಮಕ್ಕಳೊಂದಿಗಿರುವ ಚಿತ್ರ 1787ರದು, ಬರೆದವಳು ಕಲಾವಿದೆ ವಿಜೆ ಲ ಬ್ರನ್. ರಾಣಿಯ ಮಡಿಲಲ್ಲಿರುವ ಕೂಸು ನಿಮ್ಮ ಲೂಯಿ ಶಾರ್ಲ್. ಪಕ್ಕದಲ್ಲಿ ನಿಂತು ಖಾಲಿ ತೊಟ್ಟಿಲ ಕಡೆ ಕೈ ತೋರಿಸುತ್ತಿರುವವನು ಅಣ್ಣ. ತೊಟ್ಟಿಲು ಖಾಲಿ ಯಾಕೆಂದರೆ ಅವರ ಪುಟ್ಟ ತಂಗಿ ಸೋಫಿ ಅದೇ ವರ್ಷ ತೀರಿಕೊಂಡಿದ್ದಳು. ಮುಂದೆ ಮಗನೂ ಹೋದಾಗ, ರಾಣಿ ಆ ಚಿತ್ರವನ್ನು ನೋಡಲಾರದೆ ಗೋಡೆಯಿಂದ ತೆಗೆಸಿದಳು.

1789ರ ಮೇ 4ರಂದು ವರ್ಸೈ ಬೀದಿಯಲ್ಲಿ ಎಸ್ಟೇಟ್ಸ್ ಜನರಲ್ ಸಭೆಯ, ಅಂದರೆ ಪಾದ್ರಿಗಳು, ಶ್ರೀಮಂತರು, ಜನಸಾಮಾನ್ಯರು ಈ ಮೂರೂ ವರ್ಗದ ಪ್ರತಿನಿಧಿಗಳ ಸಭೆಯ ಮೆರವಣಿಗೆ. ಹುಡುಗ ಅದನ್ನು ಮಹಡಿಯ ಮೇಲೆ ದಿಂಬುಗಳಿಗೆ ಒರಗಿಕೊಂಡು ನೋಡಿದ. ಸರಿಯಾಗಿ ಒಂದು ತಿಂಗಳಿಗೆ, ಜೂನ್ 4ರಂದು, ಮ್ಯೂದೋನ್ ಅರಮನೆಯಲ್ಲಿ ಸತ್ತ. ಏಳು ವರ್ಷ ಏಳು ತಿಂಗಳು. ಅದೇ ದಿನಗಳಲ್ಲಿ ಜನಸಾಮಾನ್ಯರ ಪ್ರತಿನಿಧಿಗಳು ರಾಜನ ಭೇಟಿಗೆ ಪಟ್ಟು ಹಿಡಿದರು. ಅವರಲ್ಲಿ ಯಾರೂ ತಂದೆಯರಿಲ್ಲವೇ ಎಂದು ರಾಜ ಕೇಳಿದನಂತೆ. ಅವರದ್ದೇನೂ ಕ್ರೌರ್ಯವಲ್ಲ ಬಿಡಿ, ಬ್ರೆಡ್ಡಿನ ಬೆಲೆ ಗಗನಕ್ಕೇರಿತ್ತು, ಅವರ ಮನೆಯಲ್ಲೂ ಮಕ್ಕಳಿದ್ದರು. ಆದರೆ ದುಃಖದಲ್ಲಿದ್ದ ರಾಜ ಜೂನ್ ಮಧ್ಯದಲ್ಲಿ ಮಾರ್ಲಿಯ ಅರಮನೆಗೆ ಹೋಗಿ ಕುಳಿತ, ಇತ್ತ 17ರಂದು ಅವರು ತಮ್ಮನ್ನೇ ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡರು. ಮಗ ಬದುಕಿದ್ದರೆ ಕ್ರಾಂತಿಯೇ ಆಗುತ್ತಿರಲಿಲ್ಲ ಅನ್ನುವುದು ಸುಮ್ನೆ ಮಾತು. ರಾಜನ ಮನಸ್ಸು ನೆಟ್ಟಗಿಲ್ಲದ ವಾರಗಳವು, ಅಷ್ಟನ್ನು ಮಾತ್ರ ಹೇಳಬಹುದು.

ಅಣ್ಣನ ಯುವರಾಜ ಪಟ್ಟ ತಮ್ಮನಿಗೆ ಬಂತು, ಗೊಂದಲ ಹುಟ್ಟುವುದೇ ಇಲ್ಲಿ, ಅಲ್ವಾ? 1795ರ ಜೂನ್ 8ರಂದು ಟೆಂಪಲ್ ಸೆರೆಮನೆಯಲ್ಲಿ ಅವನೂ ಸತ್ತ, ಹತ್ತು ವರ್ಷದವನು. ವೈದ್ಯ ಪೆಲ್ತಾಂ ಅವನ ಹೃದಯವನ್ನು ಗುಟ್ಟಾಗಿ ತೆಗೆದಿಟ್ಟುಕೊಂಡ. 2000ದಲ್ಲಿ ಪರೀಕ್ಷೆಯಾದದ್ದು, 2004ರಲ್ಲಿ ಫ್ರಾನ್ಸ್ ರಾಜರ ಸಮಾಧಿಗಳಿರುವ ಸಾಂ ದೆನಿ ಚರ್ಚಿನಲ್ಲಿ ಹೂಳಿದ್ದು ಆ ಹೃದಯವನ್ನೇ.

ಇನ್ನು ನಿಮ್ಮ ಡಿಎನ್‌ಎ. ಪರೀಕ್ಷಿಸಿದ್ದು ತಾಯಿಯಿಂದ ಮಕ್ಕಳಿಗೆ ಬರುವ ಬಗೆಯದನ್ನು. ಮೇರಿ ಆಂಟೊನೆಟ್ ಕಡೆಯವರ ಕೂದಲಿಗೆ ಅದು ತಾಳೆಯಾಯಿತು, ನಿಜ. ಆದರೆ ಒಬ್ಬಳೇ ತಾಯಿಯ ಮಕ್ಕಳಲ್ಲಿ ಅದು ಒಂದೇ ಇರುತ್ತದೆ! ಇದು ಅಣ್ಣನ ಹೃದಯ ಯಾಕಾಗಿರಬಾರದು ಎಂದು ಕೆಲವರು ಕೇಳಿದ್ದೂ ಹಾಗಾಗಿಯೇ. ಅಣ್ಣನದನ್ನು ರಾಜಮನೆತನದ ಪದ್ಧತಿಯಂತೆ ಮಸಾಲೆ ತುಂಬಿ ಸಂರಕ್ಷಿಸಿದ್ದರು, ಇದನ್ನು ವೈದ್ಯ ಮದ್ಯಸಾರದಲ್ಲಿಟ್ಟಿದ್ದ ಎನ್ನುವುದು ಇತಿಹಾಸಕಾರರ ಉತ್ತರ. ನನಗೂ ಅದೇ ಸರಿ ಅನಿಸುತ್ತದೆ. ಅಂದರೆ ಅಣ್ಣನೋ ತಮ್ಮನೋ ಎಂದು ತೀರ್ಮಾನಿಸಿದ್ದು ಹಳೇ ಕಾಗದಪತ್ರ, ನೀವು ಹೇಳುವ ಡಿಎನ್‌ಎ ಅಲ್ಲ.

– ಸಂಪಾದಕ