ಓದುಗರ ಪತ್ರ: ಇದನ್ನು ನಿಮಗೆ ಯಾರು ಹೇಳಿದ್ದು?

ಪ್ರಶ್ನೆ: ಅಮ್ಮಾ, ಹೆರಿಗೆಗೆ ತವರಿಗೆ ಬಂದಿದ್ದೇನೆ. ಚೊಚ್ಚಲು, ಹೆಣ್ಣು ಮಗು. ಹದಿನೆಂಟು ದಿನ ಆಯಿತು. ನಮ್ಮಮ್ಮ ದಿನಕ್ಕೆ ಎರಡೇ ಲೋಟ ನೀರು ಕೊಡುತ್ತಾರೆ. ಜಾಸ್ತಿ ಕುಡಿದರೆ ನಂಜಾಗುತ್ತೆ, ಹೊಟ್ಟೆ ಬರುತ್ತೆ ಅಂತಾರೆ. ಡಾಕ್ಟರು ಬೇಕಾದಷ್ಟು ಕುಡಿ ಅಂದಿದ್ದಾರೆ ಅಂತ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ನಾನು ಎಂಜಿನಿಯರಿಂಗ್ ಓದಿದವಳು. ಆದರೂ ರಾತ್ರಿ ಕದ್ದು ನೀರು ಕುಡಿಯುವಾಗ ಎದೆ ಡವಡವ ಅನ್ನುತ್ತೆ. ನಂಬದೇ ಇರುವ ಮಾತಿಗೆ ನಾನು ಯಾಕೆ ಹೆದರುತ್ತೇನೆ?
(ಓದುಗರು, ದಾವಣಗೆರೆ)

ಉತ್ತರ: ಮೊದಲು ನೀರು ಕುಡಿ, ತಾಯಿ. ಕದ್ದು ಬೇಡ, ಎಲ್ಲರ ಎದುರಿಗೇ ಕುಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಮಗು ಬಾಯಿ ಹಾಕಿದ ತಕ್ಷಣ ಗಂಟಲು ಒಣಗುವುದು ಎಷ್ಟೋ ಜನರಿಗೆ ಆಗುತ್ತದೆ. ಕಾಯಿಸಿ ಆರಿಸಿದ ನೀರು ಒಂದು ತಂಬಿಗೆ ಪಕ್ಕದಲ್ಲಿ ಇರಲಿ. ಹೊಟ್ಟೆ ನೀರಿನಿಂದ ಬರುವುದಿಲ್ಲ. ಗರ್ಭಕೋಶ ಮೊದಲಿನ ಅಳತೆಗೆ ಬರಲು ಆರು ವಾರ ಬೇಕು, ಸಡಿಲಾದ ಹೊಟ್ಟೆ ಬಿಗಿಯಾಗಲು ಇನ್ನೂ ಜಾಸ್ತಿ ದಿನ ಬೇಕು.

ಇನ್ನು ಎದೆ ಡವಡವ ಅನ್ನುವ ವಿಷಯ. ನಿನ್ನ ಪತ್ರ ಓದಿ ನನಗೆ 1984 ನೆನಪಾಯಿತು. ಆಗ ನಾನು ನರ್ಸ್ ಕೆಲಸಕ್ಕೆ ಸೇರಿ ಮೂರು ವರ್ಷ. ಜಗಳೂರು ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಾಣಂತಿಯರಿಗೆ ‘ನೀರು ಕುಡೀರಿ’ ಅಂತ ಹೇಳುತ್ತಿದ್ದವಳು. ನನ್ನದೇ ಬಾಣಂತನ ಬಂದಾಗ ತವರಿನ ಕತ್ತಲೆ ಕೋಣೆಯಲ್ಲಿ ತುಟಿ ಒಡೆದರೂ ನೀರು ಕೇಳಲಿಲ್ಲ. ಓದಿದ್ದು ನನ್ನ ನಾಲಗೆ ಮೇಲಿತ್ತು. ಹೆದರಿಕೆ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಒಳಗೆ ಹೋಗಿ ಕೂತಿತ್ತು. ನೀನೂ ಚಿಕ್ಕವಳಿದ್ದಾಗ ಅತ್ತೆಯದೋ ಚಿಕ್ಕಮ್ಮನದೋ ಬಾಣಂತನ ನೋಡಿರುತ್ತೀಯ. ದೊಡ್ಡವರು ದನಿ ತಗ್ಗಿಸಿ ಮಾತಾಡಿದ್ದನ್ನು ಕೇಳಿರುತ್ತೀಯ. ಆ ವಯಸ್ಸಿನಲ್ಲಿ ನಾವು ಕಾರಣ ಕೇಳುವುದಿಲ್ಲ, ಅವರ ಮುಖ ನೋಡಿ ಕಲಿಯುತ್ತೇವೆ. ಹಾಗೆ ಕಲಿತದ್ದು ಎಂಜಿನಿಯರಿಂಗ್ ಓದಿದ ಮಾತ್ರಕ್ಕೆ ಹೋಗುವುದಿಲ್ಲ.

ಒಂದು ಸಂಜೆ ಅಜ್ಜಿ ನನ್ನ ಮಂಚದ ಹತ್ತಿರ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಅವತ್ತು ನಾನು ಜಗಳ ಆಡಲಿಲ್ಲ. ಸುಮ್ನೆ ಕೇಳಿದೆ: ‘ಅಜ್ಜೀ, ಬಾಣಂತಿ ನೀರು ಕುಡೀಬಾರ್ದು ಅಂತ ನಿನಗೆ ಯಾರು ಹೇಳಿದ್ದು?’ ಆಕೆ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ತನ್ನ ಅಕ್ಕನ ಹೆಸರು ಹೇಳಿದಳು. ನಾನು ಆ ಹೆಸರನ್ನು ಅದಕ್ಕೂ ಮೊದಲು ಕೇಳಿಯೇ ಇರಲಿಲ್ಲ.

ಅಕ್ಕನಿಗೆ ಹೆರಿಗೆಯಾದ ಮೂರನೇ ದಿನಕ್ಕೆ ಜ್ವರ ಬಂತಂತೆ. ಮೈ ಸುಡುತ್ತಿತ್ತು. ‘ನೀರು, ನೀರು’ ಅಂತ ಕನವರಿಸುತ್ತಿದ್ದಳು. ಅಜ್ಜಿಗೆ ಆಗ ಹನ್ನೆರಡು ವರ್ಷ. ನೋಡಲಾಗದೆ, ದೊಡ್ಡವರು ಮಲಗಿದ ಮೇಲೆ ಬಾನಿಯಿಂದ ಒಂದು ತಂಬಿಗೆ ತಣ್ಣೀರು ತಂದು ಕುಡಿಸಿದಳು. ಬೆಳಗಾಗುವಷ್ಟರಲ್ಲಿ ಅಕ್ಕ ಇರಲಿಲ್ಲ. ತಣ್ಣೀರು ಕುಡಿದು ಬಾಣಂತಿ ಸನ್ನಿ ಆಯಿತು ಅಂತ ಊರಲ್ಲಿ ಹೇಳಿಕೊಂಡರು. ನೀರು ಕೊಟ್ಟವಳು ತಾನು ಅಂತ ಅಜ್ಜಿ ಯಾರಿಗೂ ಹೇಳಿರಲಿಲ್ಲ. ಅರವತ್ತು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು.

ತಾಯಿ, ನೀರಿನಿಂದ ಜ್ವರ ಬಂದದ್ದಲ್ಲ. ಜ್ವರ ಬಂದದ್ದಕ್ಕೆ ಆಕೆ ನೀರು ಕೇಳಿದ್ದು. ಬಾಣಂತಿ ಸನ್ನಿ ಅನ್ನುತ್ತಿದ್ದ ಕಾಯಿಲೆ ಬಹಳ ಸಲ ಗರ್ಭಕೋಶಕ್ಕೆ ಹತ್ತಿದ ಸೋಂಕು. ಅದು ಬರುತ್ತಿದ್ದದ್ದು ತೊಳೆಯದ ಕೈಯಿಂದ, ಕೊಳೆ ಬಟ್ಟೆಯಿಂದ. ಸೋಂಕು ಕಣ್ಣಿಗೆ ಕಾಣುವುದಿಲ್ಲ, ತಂಬಿಗೆ ಕಾಣುತ್ತದೆ. ಜ್ವರ, ಬಾಯಾರಿಕೆ, ನೀರು, ಸಾವು. ಈ ಸಾಲನ್ನು ಹತ್ತು ಮನೆಯಲ್ಲಿ ಕಂಡವರು ಕೊನೆಯ ಎರಡನ್ನು ಗಂಟು ಹಾಕಿದರು. ನಮ್ಮ ಹಿರಿಯರು ದಡ್ಡರು ಅಂತ ನಾನು ಹೇಳಲಾರೆ. ಕಳಕೊಂಡವರು ಕಾರಣ ಹುಡುಕುತ್ತಾರೆ.

ಓದಿದವರೂ ಹಾಗೇ ಮಾಡಿದ್ದಾರೆ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಅನ್ನುವ ವೈದ್ಯರು ಒಂದು ವಿಷಯ ಕಂಡುಕೊಂಡರು. ಹೆಣ ಕೊಯ್ದು ಪರೀಕ್ಷೆ ಮಾಡಿದ ಕೈಯಲ್ಲೇ ವೈದ್ಯರು ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ, ನೂರಕ್ಕೆ ಹತ್ತರ ಹತ್ತಿರ ಇದ್ದ ಬಾಣಂತಿಯರ ಸಾವು ಒಂದೆರಡಕ್ಕೆ ಇಳಿಯಿತು. ಆದರೂ ಎಷ್ಟೋ ದೊಡ್ಡ ವೈದ್ಯರು ಒಪ್ಪಲಿಲ್ಲ. ಒಪ್ಪಿದರೆ ಇಷ್ಟು ದಿನ ಸಾವು ತಂದದ್ದು ತಮ್ಮ ಕೈಯೇ ಅಂತ ಒಪ್ಪಬೇಕಿತ್ತಲ್ಲ.

ನನ್ನದನ್ನೂ ಹೇಳುತ್ತೇನೆ. ನಾನು ತರಬೇತಿ ಪಡೆದ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಪ್ರತಿಯೊಬ್ಬಳಿಗೂ ಕೆಳಗಿನ ಕೂದಲು ಬೋಳಿಸಿ ಎನಿಮಾ ಕೊಡುತ್ತಿದ್ದೆವು. ಹುಟ್ಟಿದ ಮಗುವಿಗೆ ಕೂಡಲೇ ಸ್ನಾನ ಮಾಡಿಸುತ್ತಿದ್ದೆವು. ಹಿರಿಯ ಸಿಸ್ಟರ್ ಹಾಗೆ ಮಾಡುತ್ತಿದ್ದರು, ನಾವೂ ಮಾಡಿದೆವು. ಬೋಳಿಸುವುದು, ಎನಿಮಾ ಎರಡೂ ಎಲ್ಲರಿಗೂ ಬೇಕಿಲ್ಲ ಅಂತ ಆಮೇಲೆ ಹೇಳಿದರು. ಮಗುವಿನ ಮೈ ತಣ್ಣಗಾಗುತ್ತದೆ, ಕನಿಷ್ಠ 24 ಗಂಟೆ ಸ್ನಾನ ಬೇಡ ಅನ್ನುತ್ತಾರೆ ಈಗ. ನಾಲ್ಕು ತಿಂಗಳಿಗೆ ರಾಗಿ ಸರಿ ಶುರು ಮಾಡಿ ಅಂತ ನೂರಾರು ತಾಯಂದಿರಿಗೆ ಹೇಳಿದವಳು ನಾನು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಅಂದಿತು. ಬಿಳಿ ಸೀರೆ ಉಟ್ಟು ಮಾಡಿದ್ದಕ್ಕೆ ನಾನು ಯಾವತ್ತೂ ‘ಯಾರು ಹೇಳಿದ್ದು’ ಅಂತ ಕೇಳಿರಲಿಲ್ಲ. ಹಳ್ಳಿಯ ಸೂಲಗಿತ್ತಿಯನ್ನು ಮಾತ್ರ ಕೇಳುತ್ತಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕೆಲವು ಸೂಲಗಿತ್ತಿಯರು ಹೆರುವವಳನ್ನು ಓಡಾಡಿಸುತ್ತಿದ್ದರು, ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದರು. ನಾವು ಅದನ್ನು ತಪ್ಪು ಅಂತ ಬಿಡಿಸಿದೆವು. ಈಗ ಆಸ್ಪತ್ರೆಯಲ್ಲೇ ‘ಓಡಾಡಮ್ಮ’ ಅನ್ನುತ್ತಾರೆ.

ಅದಕ್ಕೇ ನಿಮ್ಮಮ್ಮನ ಹತ್ತಿರ ಡಾಕ್ಟರ ಮಾತು ತೆಗೆಯಬೇಡ. ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿನಲ್ಲಿ ಆಕೆಯ ಬಾಣಂತನ ಹೇಗಾಯಿತು ಅಂತ ಕೇಳು. ಯಾರು ಮಾಡಿದರು, ಏನು ಕೊಟ್ಟರು, ಆಗ ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿತ್ತಾ ಅಂತ ಕೇಳು. ಉತ್ತರ ಒಂದೇ ದಿನದಲ್ಲಿ ಬರಲಿಕ್ಕಿಲ್ಲ. ನಮ್ಮಜ್ಜಿ ನನ್ನ ಮಾತು ಒಪ್ಪಿದಳು ಅಂತ ನಾನು ಹೇಳಲಾರೆ. ಆದರೆ ಮರುದಿನದಿಂದ ನನ್ನ ಮಂಚದ ಪಕ್ಕ ತಂಬಿಗೆ ಇರುತ್ತಿತ್ತು. ಜೀರಿಗೆ ಹಾಕಿ ಕಾಯಿಸಿದ ನೀರು.

ಅಮ್ಮನ ಬಾಣಂತನದಲ್ಲಿ ಬಿಡಬಾರದ್ದೂ ಬಹಳ ಇದೆ. ಎಣ್ಣೆ ನೀರು, ಬಿಸಿ ಊಟ, ಸೊಪ್ಪಿನ ಸಾರು, ಮನೆಗೆಲಸದಿಂದ ಬಿಡುವು. ಅದನ್ನೆಲ್ಲ ಸುಖವಾಗಿ ಮಾಡಿಸಿಕೋ. ಕಿವಿಗೆ ಹತ್ತಿ ಇಟ್ಟುಕೊಂಡರೆ ಅಮ್ಮನಿಗೆ ನೆಮ್ಮದಿ ಅನ್ನುವುದಾದರೆ ಇಟ್ಟುಕೋ, ನಷ್ಟವೇನಿಲ್ಲ. ಆದರೆ ಜ್ವರ ಬಂದರೆ, ಕೆಟ್ಟ ವಾಸನೆಯ ಸ್ರಾವ ಆದರೆ, ರಕ್ತ ಜಾಸ್ತಿ ಹೋದರೆ ಒಂದು ಗಂಟೆಯೂ ಕಾಯಬೇಡ. 108ಕ್ಕೆ ಫೋನ್ ಮಾಡಿಸು.

ಪ್ರಶ್ನೆ: ಐದು ತಿಂಗಳ ಬಸುರಿ. ಗ್ರಹಣ ಅಂತ ಗೊತ್ತಿಲ್ಲದೆ ಈಳಿಗೆಯಲ್ಲಿ ಸೊಪ್ಪು ಹೆಚ್ಚಿದೆ. ಮಗುವಿಗೆ ಸೀಳುತುಟಿ ಆಗುತ್ತೆ ಅಂತ ಅತ್ತೆ ಅಳುತ್ತಿದ್ದಾರೆ.
(ಓದುಗರು, ಚಳ್ಳಕೆರೆ)

ಉತ್ತರ: ಆಗುವುದಿಲ್ಲ, ಧೈರ್ಯವಾಗಿರು. ಮಗುವಿನ ತುಟಿ ಕೂಡಿಕೊಳ್ಳುವುದು ಏಳನೇ ವಾರದ ಹೊತ್ತಿಗೆ, ಅಂಗುಳ ಒಂಬತ್ತನೇ ವಾರದ ಹೊತ್ತಿಗೆ. ನಿನ್ನ ಮಗುವಿಗೆ ಅದೆಲ್ಲ ಯಾವತ್ತೋ ಮುಗಿದಿದೆ. ಸೀಳುತುಟಿಗೆ ಮನೆತನದಿಂದ ಬಂದ ಗುಣ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಮೂರ್ಛೆಗೆ ಕೊಡುವ ಕೆಲವು ಮಾತ್ರೆ, ಹೊಗೆಸೊಪ್ಪು ಸೇದುವುದು, ಹೀಗೆ ಕಾರಣ ಬೇರೆ ಬೇರೆ. ಸೀಳುತುಟಿಯ ಮಗು ಹೆತ್ತ ಒಬ್ಬಳನ್ನು ನಾನು ಬಲ್ಲೆ. ‘ಯಾವತ್ತು ಕತ್ತರಿ ಹಿಡಿದಿದ್ದೆ’ ಅಂತ ಮನೆಯವರೆಲ್ಲ ಆಕೆಯನ್ನು ಕೇಳಿದರು. ಒಂಬತ್ತು ತಿಂಗಳಲ್ಲಿ ಕತ್ತರಿ ಹಿಡಿಯದ ಹೆಂಗಸು ಯಾರಿದ್ದಾಳೆ? ಹುಡುಕಿದರು, ಸಿಕ್ಕಿತು. ತಪ್ಪು ಅವಳ ತಲೆಗೆ ಬಂತು. ಮಗುವಿಗೆ ಶಸ್ತ್ರಚಿಕಿತ್ಸೆ ಆಗಿ ತುಟಿ ಚೆನ್ನಾಗಿ ಕೂಡಿದೆ. ತಾಯಿ ಮಾತ್ರ ಗ್ರಹಣ ಅಂದರೆ ಈಗಲೂ ಅಳುತ್ತಾಳೆ. ನಿನ್ನ ಅತ್ತೆಯನ್ನು ಐದನೇ ತಿಂಗಳ ಸ್ಕ್ಯಾನಿಂಗಿಗೆ ಜೊತೆಯಲ್ಲಿ ಕರೆದುಕೊಂಡು ಹೋಗು.

ಪ್ರಶ್ನೆ: ನಾನು ಬಿ.ಎಸ್ಸಿ ವಿದ್ಯಾರ್ಥಿ, ಊರು ಮಲೇಬೆನ್ನೂರು ಹತ್ತಿರ. ಅಪ್ಪ ಎಲ್ಲಕ್ಕೂ ‘ಹಿಂದಿನಿಂದ ಬಂದದ್ದು’ ಅಂತಾರೆ. ನಾನು ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪುವುದಿಲ್ಲ. ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು ಅಂದರೂ ಅಪ್ಪ ಕೇಳಲ್ಲ. ಇವರಿಗೆ ವಿಜ್ಞಾನ ತಿಳಿಸುವುದು ಹೇಗೆ?

ಉತ್ತರ: ಮಗಾ, ಎಂಟು ಲೋಟ ಅಂತ ನಿನಗೆ ಯಾರು ಹೇಳಿದ್ದು? ಫೋನಿನಲ್ಲಿ ಓದಿದೆಯಾ? 1945ರಲ್ಲಿ ಅಮೆರಿಕದ ಒಂದು ಆಹಾರ ಮಂಡಳಿ ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಅಂದಿತ್ತು. ಅದರಲ್ಲಿ ಬಹುಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಅಲ್ಲೇ ಹೇಳಿತ್ತು. ಎರಡನೇ ಮಾತು ಬಿದ್ದುಹೋಗಿ ಮೊದಲನೆಯದು ಲೋಟದ ಲೆಕ್ಕವಾಯಿತು ಅನ್ನುತ್ತಾರೆ. ಗದ್ದೆಯಲ್ಲಿ ದುಡಿಯುವ ನಿಮ್ಮಪ್ಪನಿಗೆ ಬೇಸಿಗೆಯಲ್ಲಿ ಎಂಟಕ್ಕಿಂತ ಜಾಸ್ತಿಯೇ ಬೇಕಾದೀತು. ಮಳೆಗಾಲದಲ್ಲಿ ಸಾರು, ಮಜ್ಜಿಗೆ ಸೇರಿ ಕಡಿಮೆಯೇ ಸಾಕಾದೀತು. ಆರೋಗ್ಯವಾಗಿ ಇರುವವರಿಗೆ ಬಾಯಾರಿಕೆಯೇ ಸಾಕಷ್ಟು ಹೇಳುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಅವರಿಗೆ ಮಾತ್ರ ನೆನಪಿಸಬೇಕು.

ಆದರೆ ನಿಮ್ಮಪ್ಪನ ಮಾತನ್ನೂ ಕೇಳಬೇಕಾದ್ದೇ. ಹಿಂದಿನಿಂದ ಅಂದರೆ ಎಷ್ಟು ಹಿಂದಿನಿಂದ? ನಿಮ್ಮ ಸೀಮೆಯಲ್ಲಿ ಇವತ್ತು ಎಲ್ಲಿ ನೋಡಿದರೂ ಭತ್ತ. ಮೂರು ಹೊತ್ತು ಅನ್ನ ಬಂದದ್ದು ಭದ್ರಾ ನಾಲೆ ಬಂದ ಮೇಲೆ. ನಮ್ಮಪ್ಪ ಉಂಡದ್ದು ಜೋಳದ ರೊಟ್ಟಿ, ನವಣೆ ಅನ್ನ. ನೆಲ್ಲಕ್ಕಿ ಅನ್ನ ಹಬ್ಬಕ್ಕೆ ಮಾತ್ರ. ಮಂಡಕ್ಕಿ ಜೊತೆ ಮೆಣಸಿನಕಾಯಿ ಇಲ್ಲದೆ ದಾವಣಗೆರೆ ಇಲ್ಲ ಅನ್ನುತ್ತೇವೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಹೊರಟು, ಪೋರ್ಚುಗೀಸರ ಕೈಯಿಂದ ನಮಗೆ ಬಂದು ಐನೂರು ವರ್ಷವಾಗಿದೆ, ಅಷ್ಟೇ. ಚಳ್ಳಕೆರೆಗೆ ಎಣ್ಣೆ ನಗರ ಅನ್ನುವ ಹೆಸರು ತಂದ ಶೇಂಗಾ ಕೂಡ ಆ ಕಡೆಯಿಂದಲೇ ಬಂದದ್ದು.

ನಿಜಕ್ಕೂ ಹಳೆಯದು ನೋಡಬೇಕಾದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗು. 1997ರವರೆಗೆ ನೀವೂ ಅವರೂ ಒಂದೇ ಚಿತ್ರದುರ್ಗ ಜಿಲ್ಲೆಯವರು. ನಾನು ಆ ಭಾಗದಲ್ಲಿ ಕೆಲಸದಲ್ಲಿದ್ದಾಗ ಲಸಿಕೆ ಪೆಟ್ಟಿಗೆ ಹಿಡಿದು ಓಡಾಡುವಾಗ ಒಮ್ಮೆ ನೋಡಿದೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅದರಲ್ಲಿ ಬರೆದಿದೆ. ಆಮೇಲೆ ‘ಇದು ಪುರಾತನ ಪದ್ಧತಿ’ ಅಂತಲೂ ಬರೆಸಿದ್ದಾನೆ. ಅಷ್ಟು ಹಿಂದೆಯೇ ಅದು ‘ಹಿಂದಿನಿಂದ ಬಂದದ್ದು’! ಬರೆದವನು ಚಪಡ ಅನ್ನುವ ಲಿಪಿಕಾರ. ಅವನು ಕೊನೆಯ ಒಂದು ಪದವನ್ನು ಮಾತ್ರ ಈ ಸೀಮೆಯಲ್ಲಿ ಯಾರೂ ಬಳಸದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಗಡಿ ಕಡೆಯ ಲಿಪಿ ಅದು. ಅವನಿಗೂ ಅದನ್ನು ಎಲ್ಲೋ ಯಾರೋ ಕಲಿಸಿರಬೇಕು ಅಲ್ವಾ?

ಅಪ್ಪನನ್ನೂ ಕರೆದುಕೊಂಡು ಹೋಗು. ದಾವಣಗೆರೆಯಿಂದ ದೂರ ಇದೆ, ಬೆಳಗಿನ ಜಾವವೇ ಹೊರಡಿ. ದಾರಿಯಲ್ಲಿ ಅವರ ಅಜ್ಜ ಏನು ಉಣ್ಣುತ್ತಿದ್ದರು ಅಂತ ಕೇಳು. ಆ ಕಡೆ ಬಿಸಿಲು ಜಾಸ್ತಿ, ನೀರಿನ ಬಾಟಲಿ ಇಬ್ಬರಿಗೂ ಬೇರೆ ಬೇರೆ ಇರಲಿ.